ಕ್ಲೈಮ್ಯಾಕ್ಸ್ ಕೈಕೊಟ್ಟ ಸಿನಿಮಾ: ಎಡಿಟಿಂಗ್ ಟೇಬಲ್‌ನಲ್ಲಿ ನನ್ನ ಅನುಭವ

ಮಲೆನಾಡಿನ ಅಡಿಕೆ ತೋಟದ ಮನೆಯೊಂದು ಪಾಲಾಗುವ ಕಥೆ. ಮೂರು ತಲೆಮಾರು, ದೊಡ್ಡ ಆಸೆ. ರಫ್ ಕಟ್ (ಮೊದಲ ಸುತ್ತಿನಲ್ಲಿ ಜೋಡಿಸಿದ ಸಿನಿಮಾ) ನೋಡಿದವರು ಮುಕ್ಕಾಲು ಸಿನಿಮಾ ಕದಲದೆ ಕೂತರು. ಆಮೇಲೆ ಒಬ್ಬೊಬ್ಬರಾಗಿ ಮೊಬೈಲ್ ತೆಗೆದರು. ಕೊನೆಗೆ ಆಸ್ಪತ್ರೆಯಲ್ಲಿ ಅಣ್ಣ ತಮ್ಮ ಅಪ್ಪಿಕೊಂಡು ಅಳುತ್ತಾರೆ, ಪಿಟೀಲು ಜೋರಾಗುತ್ತದೆ. ಯಾರ ಕಣ್ಣೂ ಒದ್ದೆಯಾಗಲಿಲ್ಲ.

‘ಎಳೀತಿದೆ, ಟ್ರಿಮ್ ಮಾಡಿ’ ಅಂದರು ಎಲ್ಲರೂ. ನಾನು ಕತ್ತರಿ ಹಾಕಲಿಲ್ಲ. ಅದಕ್ಕೆ ಕಾರಣ ಹಾಲಿವುಡ್ ನಿರ್ದೇಶಕ ಆರ್ಸನ್ ವೆಲ್ಸ್ ಅವರ ಸಿನಿಮಾ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್‌ಸನ್ಸ್’. ಅದೂ ಒಂದು ಮನೆತನ ಕುಸಿಯುವ ಕಥೆಯೇ. 1942ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಪ್ರಿವ್ಯೂ ನಡೆದಾಗ ಜನ ನಗಬಾರದ ಕಡೆಯೆಲ್ಲ ನಕ್ಕರು. ವೆಲ್ಸ್ ಆಗ ಇನ್ನೊಂದು ಸಿನಿಮಾಕ್ಕಾಗಿ ಬ್ರೆಜಿಲ್‌ನಲ್ಲಿದ್ದರು. ಆರ್‌ಕೆಓ ಸ್ಟುಡಿಯೋ 40ಕ್ಕೂ ಹೆಚ್ಚು ನಿಮಿಷ ತೆಗೆದು, 88 ನಿಮಿಷಕ್ಕೆ ಇಳಿಸಿ, ಕೊನೆಯ ದೃಶ್ಯವನ್ನು ಬೇರೆಯವರಿಂದ ಹೊಸದಾಗಿ ಶೂಟ್ ಮಾಡಿಸಿತು. ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಟೈಟಲ್‌ನಿಂದ ತಮ್ಮ ಹೆಸರನ್ನೇ ತೆಗೆಸಿದರು. ಕತ್ತರಿಸಿದ ರೀಲುಗಳನ್ನು ಸ್ಟುಡಿಯೋ ನಾಶ ಮಾಡಿತು. ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೆ ಸ್ಕ್ರಿಪ್ಟು, ಸ್ಟಿಲ್ ಫೋಟೋಗಳು ಉಳಿದಿವೆ. ನನಗೆ ದಾರಿ ತೋರಿಸಿದ್ದು ಅವೇ. ಎರಡೂ ಕೊನೆಗಳಲ್ಲಿ ನಡೆಯುವುದು ಒಂದೇ. ಜಾರ್ಜ್ ಆ ಮನೆತನದ ಕುಡಿ, ಫ್ಯಾನಿ ಅವನ ಸೋದರತ್ತೆ, ಯೂಜೀನ್ ಅವನ ತಾಯಿಯನ್ನು ಪ್ರೀತಿಸಿದವನು. ಯೂಜೀನ್ ಗಾಯಗೊಂಡ ಜಾರ್ಜ್‌ನನ್ನು ನೋಡಿ, ರಾಜಿಯಾಗಿ, ಆ ಸುದ್ದಿಯನ್ನು ಫ್ಯಾನಿಗೆ ಹೇಳುತ್ತಾನೆ. ಸ್ಟುಡಿಯೋ ಕೊಟ್ಟ ಕೊನೆಯಲ್ಲಿ ಇದು ಆಸ್ಪತ್ರೆಯ ಕಾರಿಡಾರಿನಲ್ಲಿ, ಅವಳ ಮುಖ ಅರಳುತ್ತದೆ. ವೆಲ್ಸ್ ಶೂಟ್ ಮಾಡಿದ್ದರಲ್ಲಿ ಫ್ಯಾನಿ ಮನೆ ಕಳೆದುಕೊಂಡು ಬೋರ್ಡಿಂಗ್ ಹೌಸ್ ಸೇರಿದ್ದಾಳೆ. ಗ್ರಾಮಫೋನ್ ಓಡುತ್ತಲೇ ಇದೆ. ಈ ಸುದ್ದಿ ಕೇಳುವ ಮನಸ್ಸೇ ಅವಳಲ್ಲಿ ಉಳಿದಿಲ್ಲ. ಸುದ್ದಿ ಅದೇ, ಕೇಳುವ ಜಾಗ ಬೇರೆ. ಸಿನಿಮಾನೇ ಬೇರೆ ಆಗಿಬಿಡುತ್ತೆ ಅಲ್ವಾ?

ಹಾಗಾಗಿ ನಮ್ಮ ಸಿನಿಮಾದ ಪ್ರತಿ ಸೀನಿನ ಎದುರು ‘ಮನೆ ಎಲ್ಲಿದೆ?’ ಎಂದು ಬರೆಯುತ್ತಾ ಹೋದೆ. ಪಾಲಾಗುವವರೆಗೆ ಜಗಲಿ, ಅಂಗಳ, ಅಡಿಕೆ ಸುಲಿಯುವ ಚಪ್ಪರ ಎಲ್ಲ ಕಡೆ ಇದ್ದವು. ಆಮೇಲೆ ಬರೀ ಪೊಲೀಸ್ ಸ್ಟೇಷನ್, ಬೆಂಗಳೂರಿನ ಫ್ಲ್ಯಾಟು, ಆಸ್ಪತ್ರೆ. ಮನೆಯನ್ನೇ ನಂಬಿ ಬದುಕಿದ್ದ ಅತ್ತೆ ಪಾತ್ರವೂ ಕಾಣೆ! ಕಥೆ ಮುರಿದದ್ದು ಅಲ್ಲಿ. ಆ ಅಪ್ಪುಗೆಯ ದೃಶ್ಯ ಬರುವ ಹೊತ್ತಿಗೆ ನೋಡುವವರಿಗೆ ಅಳುವುದಕ್ಕೆ ಏನೂ ಇರಲಿಲ್ಲ.

ಫುಟೇಜ್ ಮತ್ತೆ ಜಾಲಾಡಿದೆ. ಆ್ಯಕ್ಷನ್ ಹೇಳುವ ಮುಂಚೆ ಕ್ಯಾಮೆರಾ ಓಡುತ್ತಿದ್ದ ಶಾಟ್ ಒಂದರಲ್ಲಿ ಅತ್ತೆ ಒಬ್ಬರೇ ಅಡಿಕೆ ಸುಲಿಯುತ್ತಿದ್ದರು. ಅಪ್ಪುಗೆ ತೆಗೆದು ಅದನ್ನು ಹಾಕಿದೆ. ‘ಅಣ್ಣ ಮಾತಾಡ್ದ ಅತ್ತೆ’ ಎಂದು ತಮ್ಮ ಫೋನಿನಲ್ಲಿ ಹೇಳುವ ಮಾತನ್ನು ಡಬ್ಬಿಂಗ್‌ನಲ್ಲಿ ಸೇರಿಸಿದೆವು. ಅತ್ತೆಯ ಉತ್ತರ ಒಂದು ‘ಹೂಂ’ ಮಾತ್ರ. ಪಿಟೀಲಿನ ಬದಲು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದು.

ಅಪ್ಪುಗೆ ಬೇಕೇ ಬೇಕು ಎಂದು ನಿರ್ಮಾಪಕರು ಹಟ ಹಿಡಿದರು. ಸುಮ್ನೆ ವಾದ ಮಾಡುವ ಬದಲು ಎರಡನ್ನೂ ಒಂದರ ಹಿಂದೊಂದು ತೋರಿಸಿದೆ. ಒಪ್ಪಿದರು. ಪೊಲೀಸ್ ಸ್ಟೇಷನ್ ಸೀನು ಮಾತ್ರ ಈಗಲೂ ಎಳೆಯುತ್ತದೆ. ಕಥೆಗೆ ಅದು ಬೇಕಿತ್ತು, ಅದರ ಜಾಗಕ್ಕೆ ಹಾಕಲು ಮನೆಯ ಬೇರೆ ಶಾಟ್ ಇರಲಿಲ್ಲ.