ಅಂಗಳದಲ್ಲೇ ಮಾರುತಿ 800ರ ಹೆಡ್ ಇಳಿಸಿದ್ದು: ನನ್ನ ಅನುಭವ

ನನ್ನ ಹಳೆಯ ಕಾರ್ಬುರೇಟರ್ ಮಾರುತಿ 800 ಮೊನ್ನೆ ನಾಲ್ಕು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಹತ್ತಿತು. ಕೊಟ್ಟಿಗೆಹಾರದವರೆಗೂ ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಹೋದ ವರ್ಷ ಇದೇ ಘಾಟಿಯ ನಡುವೆ ಬಾನೆಟ್ ಎತ್ತಿ ನಿಂತಿದ್ದೆ.

ರೇಡಿಯೇಟರಿನಲ್ಲಿ ಗುಳ್ಳೆ, ಆಯಿಲ್ ಮುಚ್ಚಳದಡಿ ಹಾಲು ಚಹಾದಂಥ ನೊರೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಗೊತ್ತಾಯಿತು. ಇಂಜಿನ್ನಿನ ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್, ಅದರಡಿಯ ತೆಳು ಸೀಲೇ ಈ ಗ್ಯಾಸ್ಕೆಟ್. ಗ್ಯಾರೇಜಿನವರು ಮಾತ್ರ "ಬರೀ ಗ್ಯಾಸ್ಕೆಟ್‌ನಲ್ಲಿ ಆಗ್ಲಿಕ್ಕಿಲ್ಲ ಮಾರಾಯ್ರೆ, ಇಂಜಿನ್ ಪೂರ್ತಿ ಬಿಚ್ಚಬೇಕು" ಅಂತ 18 ಸಾವಿರ ಚಿಲ್ಲರೆ ಹೇಳಿದರು. ನಾನೇ ಮಾಡುತ್ತೇನೆ ಅಂದೆ. "ಬಿಚ್ಚುವುದು ಸರಿ ಭಾವ, ಕೂಡಿಸುವವರು ಯಾರು?" ಅಂತ ಹೆಂಡತಿಯ ತಮ್ಮ ಕೇಳಿದ.

ಮಾಹಿತಿ ಹುಡುಕಲಿಕ್ಕೇ ಒಂದು ವಾರ ಹೋಯಿತು. ಕಾರಿನ ಹೆಸರು ಹಾಕಿದರೆ ಸುಮ್ನೆ ಮಾರಾಟದ ಜಾಹೀರಾತು. ಇಂಜಿನ್ ಹೆಸರು ಹಾಕಿ ನೋಡಿ: ಎಫ್8ಬಿ, 796 ಸಿಸಿ. ಇದೇ ಇಂಜಿನ್ ಮಾರುತಿ ಓಮ್ನಿಯಲ್ಲಿತ್ತು, ಪಾಕಿಸ್ತಾನದ ಸುಜುಕಿ ಮೆಹ್ರಾನ್‌ನಲ್ಲೂ ಇತ್ತು. ಅಲ್ಲಿನ ಮೆಕ್ಯಾನಿಕ್‌ಗಳ ಉರ್ದು ವಿಡಿಯೋ ಹಿಂದಿ ಬಲ್ಲವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೋಲ್ಟ್ ಬಿಗಿಯ ಅಂಕಿ ಮಾತ್ರ ಸರ್ವಿಸ್ ಮ್ಯಾನ್ಯುವಲ್‌ನಿಂದಲೇ ತೆಗೆದುಕೊಂಡೆ.

ಮೊದಲ ಸಲ ಗ್ಯಾಸ್ಕೆಟ್ ಮಾತ್ರ ಬದಲಿಸಿದೆ. ಸುಮಾರು 400 ಕಿ.ಮೀ. ಆದಮೇಲೆ ಮತ್ತೆ ಗುಳ್ಳೆ. ಗ್ಯಾಸ್ಕೆಟ್ ದುಡ್ಡು ಹೋಯಿತು, ಹೊಸ ಆಯಿಲೂ ಹೋಯಿತು. ಆಮೇಲೆ ಹೆಡ್ ಬಾಗಿದೆಯಾ ನೋಡಲು ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಸಂದಿಗೆ ಫೀಲರ್ ಗೇಜ್ (ಅಳತೆಯ ತೆಳು ಉಕ್ಕಿನ ಎಲೆಗಳು) ತೂರಿಸಿದೆ. ಬಾಗಿಗೆ 0.05 ಮಿ.ಮೀ. ಮಿತಿ, ನನ್ನದರಲ್ಲಿ 0.10ರ ಎಲೆ ಆರಾಮಾಗಿ ಹೋಯಿತು. ಬೈಕಂಪಾಡಿ ಕಡೆ ಫೇಸಿಂಗ್ (ಮೈ ಸವೆಸಿ ಸಮ ಮಾಡುವುದು) ಮಾಡಿಸಿದೆ, 700 ರೂಪಾಯಿ ಇರಬೇಕು. ಮನೆಗೆ ತಂದು, ವಾಲ್ವ್ ಸರಿಯಾಗಿ ಮುಚ್ಚುತ್ತವಾ ನೋಡಲು ಹೆಡ್ಡಿನ ಚೇಂಬರಿಗೆ ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಇಟ್ಟೆ. ವಾಲ್ವ್‌ಗಳಿಂದ ಒಂದು ಹನಿಯೂ ಇಳಿಯಲಿಲ್ಲ.

ಎರಡನೇ ಸಲ ಟೈಮಿಂಗ್ ಬೆಲ್ಟ್ (ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಹಲ್ಲಿನ ಬೆಲ್ಟ್) ಒಂದು ಹಲ್ಲು ತಪ್ಪಿ ಕೂತಿತ್ತು. ಸ್ಟಾರ್ಟ್ ಆಯಿತು, ಎಳೆತವೇ ಇಲ್ಲ. ಅದನ್ನು ಪತ್ತೆ ಮಾಡಲು ಅರ್ಧ ದಿನ. ಹೆಡ್ಡಿನ ಎಂಟು ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಬಿಗಿದಿದ್ದೆ. ಅಲ್ಯೂಮಿನಿಯಂಗೆ ಗೀರು ಬೀಳದ ಹಾಗೆ ಹಳೆ ಗ್ಯಾಸ್ಕೆಟ್ ಕೆರೆಯಲು ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಹೆಡ್ಡಿನ ನೀರಿನ ತೂತುಗಳ ಸುತ್ತ ಲೋಹ ತಿಂದುಹೋಗಿತ್ತು. ನಮ್ಮ ಮನೆ ಸುರತ್ಕಲ್‌ನಲ್ಲಿ, ಸಮುದ್ರದ ಹತ್ತಿರ. ಏಪ್ರಿಲ್-ಮೇ ಬಂದರೆ ಬಾವಿ ನೀರು ಉಪ್ಪು. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದೆ. ಮೂರು ಸ್ಟೀಲ್ ತಟ್ಟೆಯಲ್ಲಿ ನಮ್ಮ ಬಾವಿ ನೀರು, ಬೆಳ್ತಂಗಡಿಯ ನೀರು, ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಕುದಿಸಿ ಆರಿಸಿದೆ. ನಮ್ಮ ತಟ್ಟೆಯಲ್ಲಿ ಬಿಳಿ ಪದರ ನಿಂತಿತು. ಈಗ ಕೂಲಂಟ್ ಅರ್ಧ, ಬ್ಯಾಟರಿ ನೀರು ಅರ್ಧ.

ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟನ್ನು, ಯಾರೋ ಕಿತ್ತೆಸೆದಿದ್ದರು. ಹೊಸದನ್ನು ಪಾತ್ರೆಯ ನೀರಲ್ಲಿ ಕಾಯಿಸಿ ನೋಡಿದೆ. ಸುಮಾರು 82 ಡಿಗ್ರಿಗೆ ಬಾಯಿ ಬಿಟ್ಟಿತು, ಹಾಕಿದೆ.

ಎರಡು ಗ್ಯಾಸ್ಕೆಟ್, ಬೆಲ್ಟ್, ಎರಡು ಸಲದ ಆಯಿಲ್, ಹೊಸ ಟಾರ್ಕ್ ರೆಂಚ್ (ಬೋಲ್ಟ್ ಬಿಗಿ ಅಳೆಯುವ ಸ್ಪಾನರ್) ಸೇರಿ ಆರೂವರೆ ಸಾವಿರದೊಳಗೆ ಮುಗಿಯಿತು. ರೆಂಚ್ ಹೇಗೂ ನನ್ನದೇ ಆಯಿತು. ಇನ್ನು ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರ್ ಸ್ವಲ್ಪ ಕೆಮ್ಮುತ್ತದೆ. ಮಳೆ ಬಿಟ್ಟ ಮೇಲೆ ಅದನ್ನು ಬಿಚ್ಚಬೇಕು.