ಒಬ್ಬ ಲಾಂಡ್‌ಗ್ರಾಫ್, ಇಬ್ಬರು ತಾಯಂದಿರು, ಹತ್ತೊಂಬತ್ತು ಮಕ್ಕಳು: ವಂಶವೃಕ್ಷ ಬರೆದ ನನ್ನ ಅನುಭವ

ಜರ್ಮನಿಯ ಹೆಸ್ಸೆ ಸಂಸ್ಥಾನವನ್ನು ಆಳಿದ ಲಾಂಡ್‌ಗ್ರಾಫ್ (ಅಲ್ಲಿನ ದೊರೆಯ ಬಿರುದು) ಫಿಲಿಪ್‌ನ (1504–1567) ಚರಿತ್ರೆ ಬರೆಯುವವರು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. 1521ರಲ್ಲಿ ವೋರ್ಮ್ಸ್‌ನಲ್ಲಿ ಪ್ರಾಟೆಸ್ಟಂಟ್ ಸುಧಾರಕ ಲೂಥರನ ಭೇಟಿ, 1525ರಲ್ಲಿ ಫ್ರಾಂಕನ್‌ಹೌಸನ್ ಬಳಿ ರೈತ ದಂಗೆಯನ್ನು ತುಳಿದದ್ದು, 1527ರಲ್ಲಿ ಮಾರ್‌ಬುರ್ಗ್ ವಿಶ್ವವಿದ್ಯಾಲಯ, 1531ರಲ್ಲಿ ಪ್ರಾಟೆಸ್ಟಂಟ್ ದೊರೆಗಳ ಶ್ಮಾಲ್‌ಕಾಲ್ಡನ್ ಒಕ್ಕೂಟ, 1547ರಲ್ಲಿ ಚಕ್ರವರ್ತಿಯ ಎದುರು ಸೋಲು, ಆಮೇಲೆ ಸೆರೆ. ಇಬ್ಬರು ಹೆಂಡಿರ ವಿಷಯ ನಡುವೆ ಎಲ್ಲೋ ಒಂದು ಹಗರಣವಾಗಿ ಬಂದು ಹೋಗುತ್ತದೆ. ನನಗೆ ಬೇಕಿದ್ದದ್ದು ಆ ಮನೆಯ ಕಥೆ. ವಂಶವೃಕ್ಷ ಬರೆಯುವುದು ನನ್ನ ಹಳೆಯ ಹವ್ಯಾಸ. ಹೆಸ್ಸೆಯಲ್ಲಿ ನೆಲೆಸಿದ ಮೇಲೆ ಕಾಸೆಲ್, ಮಾರ್‌ಬುರ್ಗ್ ಎಲ್ಲಿ ಹೋದರೂ ಈ ಮನುಷ್ಯನೇ ಎದುರಾಗುತ್ತಿದ್ದ. ಯುದ್ಧಗಳನ್ನು ಬದಿಗಿಟ್ಟು ಹೆರಿಗೆಯ ತಾರೀಖುಗಳನ್ನು ಹಿಡಿದು ಹೊರಟೆ.

ಮಾಡಿದ್ದು ಸರಳ ಕೆಲಸ. ಎಕ್ಸೆಲ್ ಹಾಳೆಯಲ್ಲಿ ಒಂದೊಂದು ಸಾಲಿಗೆ ಒಂದು ಘಟನೆ: ಹುಟ್ಟು, ಮದುವೆ, ಸಾವು. ಪಕ್ಕದಲ್ಲಿ ಊರು, ತಾಯಿ ಯಾರು, ಮತ್ತು ನಾನೇ ಸೇರಿಸಿಕೊಂಡ ಇನ್ನೊಂದು ಅಂಕಣ, ಆ ಹೊತ್ತಿಗೆ ಫಿಲಿಪ್ ಎಲ್ಲಿದ್ದ ಎಂಬುದು. ಮುದ್ರಿತ ವಂಶಾವಳಿಗಳಲ್ಲಿ ಮೊದಲ ಹೆಂಡತಿಯ ಮಕ್ಕಳ ಪಟ್ಟಿ ಒಂದು ಕಡೆ ಮುಗಿದು, ಎರಡನೆಯವಳದ್ದು ಬೇರೆ ಪುಟದಲ್ಲಿ ಶುರುವಾಗುತ್ತದೆ. ಎರಡನ್ನೂ ಒಂದೇ ಕಾಲಕ್ರಮಕ್ಕೆ ತಂದದ್ದೇ ನಾನು ಮಾಡಿದ ಉಪಯುಕ್ತ ಕೆಲಸ; ಉಳಿದದ್ದೆಲ್ಲ ಅದರಿಂದ ತಾನಾಗಿ ಬಂತು.

ತಾರೀಖು ಎಂದರೆ ಸುಲಭ ಅಂದುಕೊಳ್ಳಬೇಡಿ. ಆ ಕಾಲದ ಪತ್ರಗಳಲ್ಲಿ ‘ಮಾರ್ಚ್ 4’ ಎಂಬಂತೆ ನೇರವಾಗಿ ಬರೆದಿರುವುದು ಅಪರೂಪ. ಇಂಥ ಹಬ್ಬದ ನಂತರದ ಇಂಥ ವಾರ ಎಂದು ಬರೆಯುತ್ತಾರೆ. ಶಕವರ್ಷ, ಸಂವತ್ಸರ, ತಿಥಿ, ವಾರ ಹೊಂದಿಸಿ ಶಾಸನದ ಕಾಲ ಕಟ್ಟುವವರಿಗೆ ಈ ಪಡಿಪಾಟಲು ಹೊಸದಲ್ಲ. ಲೆಂಟ್ ಉಪವಾಸದ ಮೂರನೆಯ ಭಾನುವಾರಕ್ಕೆ ಓಕುಲಿ ಎಂದು ಹೆಸರು. 1540ರಲ್ಲಿ ಈಸ್ಟರ್ ಬಿದ್ದದ್ದು ಮಾರ್ಚ್ 28ಕ್ಕೆ. ಅಲ್ಲಿಂದ ನಾಲ್ಕು ವಾರ ಹಿಂದಕ್ಕೆ ಎಣಿಸಿದರೆ ಓಕುಲಿ ಫೆಬ್ರುವರಿ 29, ಅದರ ಮುಂದಿನ ಗುರುವಾರ ಮಾರ್ಚ್ 4. ಫಿಲಿಪ್‌ನ ಎರಡನೆಯ ಮದುವೆ ನಡೆದದ್ದು ಆ ದಿನ. ಇದೆಲ್ಲ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ. ಜರ್ಮನಿಯ ಪ್ರಾಟೆಸ್ಟಂಟ್ ಸೀಮೆಗಳು ಹೊಸ ಪಂಚಾಂಗಕ್ಕೆ ಬಂದದ್ದು 1700ರಲ್ಲಿ. ವಾರ ಹೊಂದದಿದ್ದರೆ ತಾರೀಖನ್ನು ನಂಬಬಾರದು ಎಂಬುದು ನನ್ನ ನಿಯಮ.

ಇನ್ನು ಲಿಪಿ. ಫಿಲಿಪ್‌ನ ರಾಜಕೀಯ ಕಾಗದಪತ್ರಗಳ ದೊಡ್ಡ ಸಂಗ್ರಹ ಮಾರ್‌ಬುರ್ಗ್‌ನ ರಾಜ್ಯ ಪತ್ರಾಗಾರದಲ್ಲಿದೆ, ಸೂಚಿಯನ್ನು ಆನ್‌ಲೈನಿನಲ್ಲೇ ನೋಡಬಹುದು. ಆದರೆ ಹದಿನಾರನೆಯ ಶತಮಾನದ ಗುಮಾಸ್ತರ ಕೈಬರಹ ಮೊದಲ ನೋಟಕ್ಕೆ ಎರೆಹುಳು ಹರಿದಾಡಿದಂತೆ. ನಾನು ಕಲಿತ ಬಗೆ ಇದು: ಈಗಾಗಲೇ ಅಚ್ಚಾಗಿರುವ ಒಂದು ಪತ್ರ ಆರಿಸಿ, ಮೂಲದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸುವುದು. ಕೈ ಪಳಗಿದ ಮೇಲೂ ಅವಸರದಲ್ಲಿ ಗೀಚಿದ ಟಿಪ್ಪಣಿಗಳ ಮುಂದೆ ಈಗಲೂ ಕೂತೇ ಇರುತ್ತೇನೆ.

ಹಾಳೆಯ ಮೊದಲ ಸಾಲುಗಳು ಫಿಲಿಪ್‌ನ ತಾಯಿಯವು. ಮೆಕ್ಲೆನ್‌ಬುರ್ಗ್‌ನ ಆನಾ 1509ರಲ್ಲಿ ಗಂಡನನ್ನು ಕಳೆದುಕೊಂಡಾಗ ಆಕೆಗೆ 24 ತುಂಬಿರಲಿಲ್ಲ. ಮಗನಿಗೆ ನಾಲ್ಕು, ಮಗಳು ಎಲಿಸಬೆತ್‌ಗೆ ಏಳು. ಹೆಸ್ಸೆಯ ಸರದಾರರು ಆಡಳಿತವನ್ನೂ ಹುಡುಗನನ್ನೂ ಆಕೆಯ ಕೈಯಿಂದ ಕಿತ್ತುಕೊಂಡರು. 1514ರಲ್ಲಿ ಹೋರಾಡಿ ವಾಪಸ್ ಪಡೆದಳು. 1518ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಹದಿಮೂರರ ಫಿಲಿಪ್‌ನನ್ನು ಪ್ರಾಪ್ತವಯಸ್ಕ ಎಂದು ಸಾರಿದ. ಆನಾ ಮರುವರ್ಷ ಒಬ್ಬ ಕೌಂಟ್‌ನನ್ನು ಮದುವೆಯಾಗಿ ಹೋದಳು. ಆನಾಳ ಬಗ್ಗೆಯೇ ಪ್ರತ್ಯೇಕವಾಗಿ ಬರೆಯಬೇಕು, ಇಲ್ಲಿ ಜಾಗವಿಲ್ಲ.

ಮದುವೆಗಳು ಕೊಟ್ಟು ತಂದುಕೊಂಡ ಸಂಬಂಧ. ಅಕ್ಕ ಎಲಿಸಬೆತ್ ಹೋದದ್ದು ಸ್ಯಾಕ್ಸನಿಯ ಡ್ಯೂಕ್ ಗೆಯೋರ್ಗ್‌ನ ಮಗ ಯೋಹಾನ್‌ನ ಮನೆಗೆ. 1523ರ ಡಿಸೆಂಬರಿನಲ್ಲಿ ಫಿಲಿಪ್ ತಂದುಕೊಂಡದ್ದು ಅದೇ ಗೆಯೋರ್ಗ್‌ನ ಮಗಳು ಕ್ರಿಸ್ಟೀನೆಯನ್ನು. ಮಾವ ಕಟ್ಟಾ ಕ್ಯಾಥೊಲಿಕ್, ಅಳಿಯ ಮರುವರ್ಷವೇ ಲೂಥರನ ಕಡೆ. ಆದರೂ ಸಂಸಾರ ನಡೆಯಿತು. 1527ರಿಂದ 1539ರವರೆಗೆ ಏಳು ಮಕ್ಕಳು.

1539ರ ಸಾಲುಗಳನ್ನು ತುಂಬುವಾಗ ನಾನು ಕ್ರಿಸ್ಟೀನೆಯ ತವರಿನ ಸಾವುಗಳನ್ನೂ ಸೇರಿಸಿದೆ. ತಾಯಿ 1534ರಲ್ಲಿ ಹೋದಳು. ಅಣ್ಣ ಯೋಹಾನ್ 1537ರಲ್ಲಿ, ಇನ್ನೊಬ್ಬ ಸಹೋದರ ಫ್ರೀಡ್ರಿಖ್ 1539ರ ಫೆಬ್ರುವರಿಯಲ್ಲಿ, ಅಪ್ಪ ಗೆಯೋರ್ಗ್ ಏಪ್ರಿಲ್‌ನಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಆಕೆ ಗಂಡನ ಎರಡನೆಯ ಮದುವೆಗೆ ಲಿಖಿತ ಒಪ್ಪಿಗೆ ಕೊಟ್ಟಳು. ಫಿಲಿಪ್‌ನ ಚಪಲ, ಅವನ ಕಾಯಿಲೆ, ಅವನ ಪಾಪಭೀತಿ, ಇವುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಕ್ರಿಸ್ಟೀನೆಗೆ ತಿರುಗಿ ಹೋಗಲು ತವರೇ ಉಳಿದಿರಲಿಲ್ಲ ಎಂಬುದು ನನಗೆ ಅಷ್ಟೇ ದೊಡ್ಡ ಕಾರಣವಾಗಿ ಕಾಣುತ್ತದೆ. ಹಾಗಿದ್ದೂ ಆಕೆ ಬರಿಗೈಯಲ್ಲಿ ಸಹಿ ಹಾಕಲಿಲ್ಲ. ಸಂಸ್ಥಾನದ ವಾರಸುದಾರಿಕೆ ತನ್ನ ಮಕ್ಕಳಿಗೆ ಮಾತ್ರ ಎಂಬುದನ್ನು ಬಿಗಿ ಮಾಡಿಕೊಂಡಳು. ಈ ಇಡೀ ಪ್ರಕರಣದಲ್ಲಿ ಬರೆದದ್ದು ಬರೆದ ಹಾಗೇ ನಡೆದ ಕರಾರು ಬಹುಶಃ ಇದೊಂದೇ.

ಹುಡುಗಿ ಮಾರ್ಗರೆಟೆ ಫೊನ್ ಡೆರ್ ಸಾಲೆ, ಹದಿನೆಂಟರ ಆಸುಪಾಸು. ವಿಧವೆಯಾಗಿ ರೋಖ್ಲಿಟ್ಸ್‌ನಲ್ಲಿದ್ದ ಅಕ್ಕ ಎಲಿಸಬೆತ್‌ಳ ಸಖಿ. ಹುಡುಗಿಯ ತಾಯಿ ಉಪಪತ್ನಿಯಾಗಿ ಕಳಿಸಲು ಒಪ್ಪಲಿಲ್ಲ. ಮದುವೆಯೇ ಆಗಬೇಕು, ಸಾಕ್ಷಿಗಳೂ ಇರಬೇಕು ಎಂದು ಪಟ್ಟು ಹಿಡಿದಳು. ಲೂಥರ್, ಅವನಂತೆಯೇ ಸುಧಾರಕರಾದ ಮೆಲಾಂಖ್ಟನ್, ಬುಟ್ಸರ್ ಮೂವರೂ ಡಿಸೆಂಬರ್ 10ರ ಸಲಹಾಪತ್ರದಲ್ಲಿ, ಗುಟ್ಟಾಗಿಡುವುದಾದರೆ ಆಗಬಹುದು ಎಂಬಂತೆ ಬರೆದುಕೊಟ್ಟರು. ರೋಟನ್‌ಬುರ್ಗ್ ಊರಿನಲ್ಲಿ ನಡೆದ ಆ ಮದುವೆಗೆ ಮೆಲಾಂಖ್ಟನ್, ಬುಟ್ಸರ್ ಇಬ್ಬರೂ ಹಾಜರಿದ್ದರು. ಗುಟ್ಟು ಕೆಲವು ತಿಂಗಳೂ ನಿಲ್ಲಲಿಲ್ಲ. ಸಾಮ್ರಾಜ್ಯದ 1532ರ ದಂಡಸಂಹಿತೆಯಲ್ಲಿ ಹೆಂಡತಿ ಇರುವಾಗ ಇನ್ನೊಂದು ಮದುವೆ ಘೋರ ಅಪರಾಧ. 1541ರಲ್ಲಿ ರೇಗನ್ಸ್‌ಬುರ್ಗ್‌ನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಜೊತೆ ಫಿಲಿಪ್ ಒಪ್ಪಂದಕ್ಕೆ ಬರಬೇಕಾಯಿತು. ಒಕ್ಕೂಟದ ಮುಂದಾಳುವಿನ ಕೈ ಅಲ್ಲಿಗೆ ಕಟ್ಟಿತು.

ಇಷ್ಟರವರೆಗಿನದು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಎರಡು ಪಟ್ಟಿಗಳನ್ನು ಬೆರೆಸಿ ತಾರೀಖಿನ ಪ್ರಕಾರ ಜೋಡಿಸಿದಾಗ ಕಂಡದ್ದನ್ನು ನಾನು ಎಲ್ಲೂ ಒತ್ತಿ ಹೇಳಿದ್ದು ನೋಡಿಲ್ಲ. 1541ರ ಮಾರ್ಚ್ 12ರಂದು ಮಾರ್ಗರೆಟೆಗೆ ಮೊದಲ ಮಗ, ಹೆಸರು ಫಿಲಿಪ್. ಏಪ್ರಿಲ್ 22ರಂದು ಕ್ರಿಸ್ಟೀನೆಗೆ ಮಗ, ಅವನ ಹೆಸರೂ ಫಿಲಿಪ್. 1543ರ ಜೂನ್ 29ಕ್ಕೆ ಕ್ರಿಸ್ಟೀನೆಗೆ ತನ್ನದೇ ಹೆಸರಿನ ಮಗಳು, ಜುಲೈ 16ಕ್ಕೆ ಮಾರ್ಗರೆಟೆಗೆ ಕ್ರಿಸ್ಟೋಫ್ ಎರ್ನ್‌ಸ್ಟ್. 1547ರ ಸೆಪ್ಟೆಂಬರ್ 10ಕ್ಕೆ ಕ್ರಿಸ್ಟೀನೆಯ ಕೊನೆಯ ಮಗ ಗೆಯೋರ್ಗ್, 29ಕ್ಕೆ ಮಾರ್ಗರೆಟೆಯ ಫಿಲಿಪ್ ಕೊನ್ರಾಡ್. ಎರಡನೆಯ ಮದುವೆಯ ನಂತರ ಕ್ರಿಸ್ಟೀನೆ ಹೆತ್ತದ್ದು ಮೂರು ಮಕ್ಕಳನ್ನು. ಮೂರು ಸಲವೂ ಸವತಿಯ ತೊಟ್ಟಿಲು ವಾರಗಳ ಅಂತರದಲ್ಲೇ ತೂಗಿತು. ಮೊದಲ ಹೆಂಡತಿಯನ್ನು ಮೂಲೆಗೆ ತಳ್ಳಿದ ಎಂಬ ಚಿತ್ರ ಇದಕ್ಕೆ ಒಗ್ಗುವುದಿಲ್ಲ. ಮನೆಯೊಳಗೆ ಯಾರಿಗೆ ಯಾವ ನೋವಿತ್ತೋ ತಾರೀಖುಗಳು ಹೇಳುವುದಿಲ್ಲ. ಆದರೆ ಅವನು ಎರಡು ಸಂಸಾರವನ್ನೂ ಒಟ್ಟಿಗೇ ನಡೆಸಿದ ಎಂಬುದನ್ನಂತೂ ಸ್ಪಷ್ಟವಾಗಿ ಹೇಳುತ್ತವೆ.

‘ಫಿಲಿಪ್ ಎಲ್ಲಿದ್ದ’ ಅಂಕಣ ಕೆಲಸಕ್ಕೆ ಬಂದದ್ದು ಇಲ್ಲಿ. 1546ರ ಕೊನೆಗೆ ಚಕ್ರವರ್ತಿಯ ಮೇಲಿನ ಒಕ್ಕೂಟದ ಡ್ಯಾನ್ಯೂಬ್ ದಂಡಯಾತ್ರೆ ಮುರಿದುಬಿದ್ದು ಅವನು ಹೆಸ್ಸೆಗೆ ಮರಳಿದ. ಮರುವರ್ಷ ಸೆಪ್ಟೆಂಬರಿನಲ್ಲಿ ಎರಡು ಹೆರಿಗೆ. ಆ ಕೂಸುಗಳು ಹುಟ್ಟುವ ಹೊತ್ತಿಗೆ ಅಪ್ಪ ಸೆರೆಯಲ್ಲಿದ್ದ. ಜೂನ್‌ನಲ್ಲಿ ಹಾಲ್ಲೆ ಊರಿನಲ್ಲಿ ಚಕ್ರವರ್ತಿಯ ಮುಂದೆ ಮಂಡಿಯೂರಿ ಶರಣಾದವನನ್ನು ಬಿಡದೆ ಹಿಡಿದಿಟ್ಟುಕೊಂಡರು. ನೆದರ್‌ಲ್ಯಾಂಡ್ಸ್ ಸೀಮೆಯ ಔಡೆನಾರ್ಡೆ, ಮೆಖೆಲನ್‌ಗಳಲ್ಲಿ ಐದು ವರ್ಷ. 1550ರಲ್ಲಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ. ಕ್ರಿಸ್ಟೀನೆ 1549ರ ಏಪ್ರಿಲ್‌ನಲ್ಲಿ ಕಾಸೆಲ್‌ನಲ್ಲಿ ತೀರಿಕೊಂಡಳು, ಗಂಡ ಹತ್ತಿರವಿರಲಿಲ್ಲ. ಹಾಳೆಯಲ್ಲಿ 1547ರ ಸೆಪ್ಟೆಂಬರಿನ ನಂತರ, ಅವನು ಸೆರೆಯಲ್ಲಿದ್ದಷ್ಟು ಕಾಲ, ಒಂದೂ ಹುಟ್ಟಿಲ್ಲ. 1552ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗಿ ಬಂದ. 1553ರ ಜೂನ್ 8ಕ್ಕೆ ಮಾರ್ಗರೆಟೆಗೆ ಮಗ, ಹೆಸರು ಮೊರಿಟ್ಸ್. ಫಿಲಿಪ್‌ನ ಹಿರಿಯ ಮಗಳು ಆಗ್ನೆಸ್‌ಳ ಗಂಡ, ಚಕ್ರವರ್ತಿಯ ಮೇಲೆ ತಿರುಗಿಬಿದ್ದು ಮಾವನ ಬಿಡುಗಡೆಗೆ ದಾರಿ ಮಾಡಿದ ಸ್ಯಾಕ್ಸನಿಯ ಮೊರಿಟ್ಸ್‌ನ ಹೆಸರೇ ಇದು ಎಂಬುದು ನನ್ನ ಊಹೆ.

ಹೆಸರುಗಳ ಗೋಜಲು ಬಿಡಿಸಲು ತಾಯಿಯ ಹೆಸರನ್ನೇ ಗುರುತಾಗಿ ಬಳಸಿದೆ: ಕ್ರಿಸ್ಟೀನೆಯ ಫಿಲಿಪ್, ಮಾರ್ಗರೆಟೆಯ ಫಿಲಿಪ್. ಬಿರುದುಗಳಿಂದಲೂ ಗುರುತಿಸಬಹುದು, ಆದರೆ ಅವು ಬಂದದ್ದು ಆಮೇಲೆ. ಮಾರ್ಗರೆಟೆಯ ಮಕ್ಕಳು ಡೀಟ್ಸ್‌ನ ಕೌಂಟ್‌ಗಳಾದರು. ಸಂಸ್ಥಾನದಲ್ಲಿ ಪಾಲಿಲ್ಲ, ಕೆಲವು ಊರುಗಳ ಉತ್ಪತ್ತಿ ಮಾತ್ರ. ಕ್ರಿಸ್ಟೀನೆಯ ನಾಲ್ಕು ಗಂಡುಮಕ್ಕಳಿಗೆ 1567ರಲ್ಲಿ ಹೆಸ್ಸೆ ಹಂಚಿಹೋಯಿತು. ವಿಲ್‌ಹೆಲ್ಮ್‌ಗೆ ಕಾಸೆಲ್ ಸಮೇತ ಸುಮಾರು ಅರ್ಧ, ಲುಡ್ವಿಗ್‌ಗೆ ಮಾರ್‌ಬುರ್ಗ್ ಸಮೇತ ಕಾಲುಭಾಗ, ಫಿಲಿಪ್‌ಗೆ ರೈನ್‌ಫೆಲ್ಸ್, ಗೆಯೋರ್ಗ್‌ಗೆ ಡಾರ್ಮ್‌ಶ್ಟಾಟ್, ತಲಾ ಎಂಟನೆಯ ಒಂದು ಪಾಲು. ಹಿರಿಯ ವಿಲ್‌ಹೆಲ್ಮ್ ಖಗೋಳ ನೋಡುವ ಹುಚ್ಚಿನವನು. ಟೈಕೊ ಬ್ರಾಹೆ 1575ರಲ್ಲಿ ಅವನನ್ನು ಹುಡುಕಿಕೊಂಡು ಕಾಸೆಲ್‌ಗೆ ಬಂದಿದ್ದ. ರೈನ್‌ಫೆಲ್ಸ್ ಕವಲು 1583ಕ್ಕೆ, ಮಾರ್‌ಬುರ್ಗ್ ಕವಲು 1604ಕ್ಕೆ ಮುಗಿದವು. ಮಾರ್‌ಬುರ್ಗ್‌ನ ಪಾಲಿಗಾಗಿ ಉಳಿದ ದಾಯಾದಿಗಳ ಜಗಳ ಮೂವತ್ತು ವರ್ಷಗಳ ಯುದ್ಧದೊಳಗೆ ಬೆರೆತು 1648ರವರೆಗೂ ಎಳೆಯಿತು.

ಮಾರ್ಗರೆಟೆಯ ಏಳು ಗಂಡುಮಕ್ಕಳ ಸಾಲುಗಳು ಬೇಗ ಬೇಗ ಮುಗಿಯುತ್ತವೆ. 1569 ಒಂದೇ ವರ್ಷದಲ್ಲಿ ಮೂವರು. ಅವರಲ್ಲಿ ಆಲ್ಬ್ರೆಖ್ಟ್ ಸತ್ತದ್ದು ಅಕ್ಟೋಬರ್ 3ರಂದು, ಫ್ರಾನ್ಸಿನ ಮೋಂಕೋಂಟೂರ್ ಕದನದಲ್ಲಿ. ಕ್ರಿಸ್ಟೋಫ್ ಎರ್ನ್‌ಸ್ಟ್ ಹೆಂಗಸರನ್ನು ಹೊತ್ತೊಯ್ದು ಕೆಡಿಸುತ್ತಿದ್ದ ದುಷ್ಟ. 1570ರಲ್ಲಿ ಮಲಸಹೋದರರು ಅವನನ್ನು ಹಿಡಿದು ಸೀಗನ್‌ಹೈನ್ ಕೋಟೆಯಲ್ಲಿಟ್ಟರು, 1603ರಲ್ಲಿ ಅಲ್ಲೇ ಸತ್ತ. ಅವನು ಮಾಡಿದ್ದಕ್ಕೆ ಶಿಕ್ಷೆ ಆಗಲೇಬೇಕಿತ್ತು. ಡೀಟ್ಸ್ ಮಕ್ಕಳ ಊರುಗಳು ದಾಯಾದಿಗಳಿಗೆ ಮರಳಲು ಅದರಿಂದ ಅನುಕೂಲವಾಯಿತು ಎಂಬುದನ್ನೂ ಬರೆದಿಟ್ಟಿದ್ದೇನೆ.

ಸಮಾಧಿಗಳನ್ನು ನೋಡದೆ ಹಾಳೆ ಮುಗಿಸುವ ಮನಸ್ಸಿರಲಿಲ್ಲ. ಕಾಸೆಲ್‌ನ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಫಿಲಿಪ್ ಮತ್ತು ಕ್ರಿಸ್ಟೀನೆಯ ಭಾರೀ ಸ್ಮಾರಕವಿದೆ. ಮಾರ್ಗರೆಟೆ 1566ರ ಜುಲೈನಲ್ಲಿ, ಗಂಡನಿಗಿಂತ ಒಂಬತ್ತು ತಿಂಗಳು ಮೊದಲು, ಶ್ಪಾಂಗನ್‌ಬೆರ್ಗ್ ಎಂಬ ಸಣ್ಣ ಊರಿನಲ್ಲಿ ತೀರಿಕೊಂಡಳು; ಅಲ್ಲಿನ ಚರ್ಚಿನಲ್ಲೇ ಮಣ್ಣಾದಳು. ಕಾಸೆಲ್‌ಗೆ ಬರುವ ಪ್ರವಾಸಿಗರು ಆ ಕಡೆ ಹೋಗುವುದು ಕಡಿಮೆ. ಹೋಗಿ ಬನ್ನಿ, ಊರೂ ಚೆಂದ.

ಕನ್ನಡದವರಿಗೆ ಇದರಲ್ಲೇನಿದೆ ಎಂದು ಗೆಳೆಯರು ಕೇಳುತ್ತಾರೆ. 1534ರಲ್ಲಿ ಫಿಲಿಪ್ ದಂಡೆತ್ತಿ ಹೋಗಿ ಡ್ಯೂಕ್ ಉಲ್ರಿಖ್‌ನನ್ನು ಮರಳಿ ಪಟ್ಟಕ್ಕೆ ಕೂರಿಸಿದ್ದರಿಂದ ವ್ಯೂರ್ಟೆಂಬೆರ್ಗ್ ಪ್ರಾಟೆಸ್ಟಂಟ್ ಆಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹೆರ್ಮನ್ ಮೋಗ್ಲಿಂಗ್ ಅವರು ಆ ನಾಡಿನವರೇ. ಇನ್ನೊಂದು ಎಳೆ ರಕ್ತಸಂಬಂಧದ್ದು. ಅಪ್ಪ ಸೆರೆಯಲ್ಲಿದ್ದಾಗ ಹುಟ್ಟಿದ ಗೆಯೋರ್ಗ್‌ನ ಡಾರ್ಮ್‌ಶ್ಟಾಟ್ ಕವಲಿನಲ್ಲೇ ಭಾರತದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್‌ನ ತಾಯಿ ಬರುತ್ತಾಳೆ. ಅಪ್ಪನ ಕಡೆಯೂ ಅದೇ ಮನೆತನ. 1851ರ ಒಂದು ಅಸಮಾನ ಮದುವೆಯ ಮಕ್ಕಳಿಗೆ ಸಂಸ್ಥಾನದ ಹೆಸರು ಕೊಡದೆ ಬಾಟನ್‌ಬೆರ್ಗ್ ಎಂಬ ಬೇರೆ ಬಿರುದು ಕೊಟ್ಟರು, 1917ರಲ್ಲಿ ಅದು ಮೌಂಟ್‌ಬ್ಯಾಟನ್ ಆಯಿತು. ಮಾರ್ಗರೆಟೆಯ ಮಕ್ಕಳಿಗೆ ಡೀಟ್ಸ್ ಕೊಟ್ಟು ಬಾಯಿ ಮುಚ್ಚಿಸಿದ ಉಪಾಯವೇ.

ಈಗ ಹೆಣ್ಣುಮಕ್ಕಳ ಕವಲುಗಳನ್ನು ಸೇರಿಸುತ್ತಿದ್ದೇನೆ. ಕ್ರಿಸ್ಟೀನೆಯ ಎರಡನೆಯ ಮಗಳು ಆನಾ 1544ರಲ್ಲಿ ತ್ಸ್ವೈಬ್ರ್ಯೂಕನ್‌ನ ವೋಲ್ಫ್‌ಗಾಂಗ್‌ನನ್ನು ಮದುವೆಯಾದಳು. ಅವಳ ಮಕ್ಕಳ ಸಂತತಿಯಿಂದಲೇ ಮುಂದೆ ಬವೇರಿಯಾದ ರಾಜರೂ ಸ್ವೀಡನ್ನಿನ ಕೆಲವು ರಾಜರೂ ಬಂದರು. ಹೆಚ್ಚಿನ ವಂಶವೃಕ್ಷಗಳು ಮಗಳ ಹೆಸರಿನ ಮುಂದೆ ಗಂಡನ ಹೆಸರು ಬರೆದು ಗೆರೆ ನಿಲ್ಲಿಸಿಬಿಡುತ್ತವೆ. ನನ್ನ ಹಾಳೆಯಲ್ಲಿ ಆನಾಳ ಗೆರೆಯೇ ಎಲ್ಲಕ್ಕಿಂತ ಅಗಲವಾಗಿ ಹರಡುತ್ತಿದೆ. ಅವಳ ಮಕ್ಕಳಿಗೆಂದು ಹೊಸ ಹಾಳೆ ತೆರೆದಿದ್ದೇನೆ.