ಎಕ್ಸಿಕ್ಯೂಟಬಲ್ ಕಂಪ್ರೆಸರ್‌ನ ವೇಗವನ್ನೂ ಸಂಕುಚನವನ್ನೂ ಹೆಚ್ಚಿಸಿದ ಬಗೆ: ನನ್ನ ಅನುಭವ

ವಿಂಡೋಸ್‌ನ 32 ಬಿಟ್ ಪ್ರೋಗ್ರಾಂಗಳನ್ನು ಕುಗ್ಗಿಸುವ ಕಂಪ್ರೆಸರೊಂದನ್ನು ನನ್ನ ಬಳಕೆಗಾಗಿ ಸಿ ಭಾಷೆಯಲ್ಲಿ ಬರೆದಿದ್ದೇನೆ. ಇದೇ ಕೆಲಸ ಮಾಡುವ ಯುಪಿಎಕ್ಸ್ ಎಂಬ ಸಾಧನದಂತೆ ಇದೂ ಮೂಲ ಕಡತವನ್ನು ಕುಗ್ಗಿಸಿ, ಅದನ್ನು ಮೆಮೊರಿಯಲ್ಲಿ ಬಿಚ್ಚುವ ಪುಟ್ಟ ಕೋಡ್ ತುಣುಕೊಂದನ್ನು (ಸ್ಟಬ್) ಜೊತೆಗೆ ಸೇರಿಸುತ್ತದೆ. ಒಳಗಿರುವುದು 1977ರ ಲೆಂಪೆಲ್-ಜಿವ್ ತತ್ವ ಮತ್ತು 7-ಜಿಪ್‌ನ ಎಲ್‌ಝಡ್‌ಎಂಎ ವಿಧಾನದ ಮಾದರಿಯ ರೇಂಜ್ ಕೋಡರ್. ಮೊದಲನೆಯದು ಹಿಂದೆ ಬಂದ ಬೈಟ್‌ಗಳ ಸಾಲು ಮರಳಿ ಬಂದಾಗ, ಅಂದರೆ ಹೋಲಿಕೆ ಸಿಕ್ಕಾಗ, ಅದರ ದೂರ ಮತ್ತು ಉದ್ದವನ್ನಷ್ಟೇ ಬರೆಯುತ್ತದೆ. ಎರಡನೆಯದು ಹೆಚ್ಚು ಸಂಭವನೀಯವಾದುದಕ್ಕೆ ಕಡಿಮೆ ಬಿಟ್‌ಗಳನ್ನು ಬಳಸುತ್ತದೆ. ಇವೆರಡನ್ನೂ ಹಾಗೆಯೇ ಉಳಿಸಿಕೊಂಡು, ಕಡತದೊಳಗಿನ ಬೈಟ್‌ಗಳ ಸ್ವಭಾವಕ್ಕೆ ತಕ್ಕಂತೆ ಸುತ್ತಲಿನ ಕೆಲಸವನ್ನು ಬದಲಿಸಿದಾಗ ನನಗೆ ಹೆಚ್ಚಿನ ಲಾಭ ದೊರೆಯಿತು.

ಗಾತ್ರದಲ್ಲಿ ಅತಿ ದೊಡ್ಡ ಇಳಿಕೆ ಬಂದದ್ದು ಫಂಕ್ಷನ್‌ಗಳನ್ನು ಕರೆಯುವ ಕಾಲ್ ಆದೇಶಗಳಿಂದ. ಇಂಟೆಲ್ ಮಾದರಿಯ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇ8 ಎಂಬ ಬೈಟ್‌ನ ನಂತರ ಬರುವ ನಾಲ್ಕು ಬೈಟ್‌ಗಳು ಫಂಕ್ಷನ್‌ನ ವಿಳಾಸವನ್ನು ಹೇಳುವುದಿಲ್ಲ. ಐದು ಬೈಟ್‌ಗಳ ಈ ಆದೇಶ ಮುಗಿಯುವಲ್ಲಿಂದ ಅದು ಎಷ್ಟು ದೂರವಿದೆ ಎಂಬುದನ್ನಷ್ಟೇ ಹೇಳುತ್ತವೆ. 5000ನೇ ಸ್ಥಾನದ ಫಂಕ್ಷನ್ ಅನ್ನು 1000ದಿಂದ ಕರೆದರೆ 3995, 2000ದಿಂದ ಕರೆದರೆ 2995. ಕರೆಯುವುದು ಒಂದೇ ಫಂಕ್ಷನ್ ಆದರೂ ಬೈಟ್‌ಗಳು ಬೇರೆಯಾಗಿರುವುದರಿಂದ ಕಂಪ್ರೆಸರ್‌ಗೆ ಅಲ್ಲಿ ಪುನರಾವರ್ತನೆ ಕಾಣುವುದಿಲ್ಲ. ದೂರವನ್ನು ನಿಜ ವಿಳಾಸವಾಗಿ ಬದಲಿಸುವ ಫಿಲ್ಟರ್ ಹಾಕಿದೊಡನೆ ಎರಡು ಕಡೆಯೂ 5000 ಎಂದೇ ಆಗುತ್ತದೆ. ಆದರೆ ದತ್ತಾಂಶದ ನಡುವೆಯೂ ಇ8 ಆಕಸ್ಮಿಕವಾಗಿ ಬರುವುದುಂಟು. ಆದ್ದರಿಂದ ಗುರಿಯು ಕೋಡ್ ಭಾಗದೊಳಗೇ ಬಿದ್ದಾಗ ಮಾತ್ರ ಬದಲಿಸುತ್ತೇನೆ. ಹಾಗೆ ಬದಲಾದ ಸಂಖ್ಯೆಯೊಂದಿಗೆ ಗೊಂದಲವಾಗಬಹುದಾದ ಇತರ ಮೌಲ್ಯಗಳನ್ನು, ಮೈಕ್ರೋಸಾಫ್ಟ್‌ನ ಕ್ಯಾಬಿನೆಟ್ ಕಡತಗಳ ಎಲ್‌ಝಡ್‌ಎಕ್ಸ್ ಸಂಕುಚನ ವಿಧಾನದಲ್ಲಿರುವಂತೆ, ತೆರವಾದ ಋಣ ಸಂಖ್ಯೆಗಳ ವ್ಯಾಪ್ತಿಗೆ ಸರಿಸುತ್ತೇನೆ. ಇದರಿಂದ ಬಿಚ್ಚುವಾಗ ಯಾವ ಗುರುತೂ ಬೇಕಾಗುವುದಿಲ್ಲ. ಇಂಟೆಲ್ ಕ್ರಮದಲ್ಲಿ ಕಿರಿಯ ಬೈಟ್ ಮೊದಲು ಬರುವುದರಿಂದ ವಿಳಾಸದ ಬೈಟ್‌ಗಳನ್ನು ತಿರುಗಿಸಿಯೂ ಇಡುತ್ತೇನೆ. ಆಗ ಬೇರೆ ಬೇರೆ ಫಂಕ್ಷನ್‌ಗಳ ಕರೆಗಳಲ್ಲೂ ಇ8ರ ಪಕ್ಕದ ಹಿರಿಯ ಬೈಟ್‌ಗಳು ಒಂದೇ ಆಗಿ, ಹೋಲಿಕೆ ಇನ್ನಷ್ಟು ಉದ್ದವಾಗುತ್ತದೆ. ಇಷ್ಟೆಲ್ಲವನ್ನೂ ಬಿಚ್ಚುವ ಬದಿಯಲ್ಲಿ ಹಿಂದಿರುಗಿಸಲು ಕೆಲವೇ ಆದೇಶಗಳು ಸಾಕೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ವೇಗದ ತೊಡಕು ಇದ್ದದ್ದು ಸೊನ್ನೆಗಳಲ್ಲಿ. ಕಡತದ ಪ್ರತಿಯೊಂದು ಸೆಕ್ಷನ್ (ಕೋಡ್, ದತ್ತಾಂಶ ಮುಂತಾದ ಭಾಗ) ಸಾಮಾನ್ಯವಾಗಿ 512 ಬೈಟ್‌ಗಳ ಗಡಿಗೆ ಹೊಂದಿಕೊಳ್ಳುವುದರಿಂದ ನಡುವಿನ ಖಾಲಿ ಜಾಗವನ್ನು ಸೊನ್ನೆಗಳು ತುಂಬಿರುತ್ತವೆ. ದತ್ತಾಂಶದ ಕೋಷ್ಟಕಗಳಲ್ಲಂತೂ ಅವು ಇನ್ನೂ ಹೆಚ್ಚು. ಹೋಲಿಕೆಗಳನ್ನು ಹುಡುಕಲು ಮೂರು ಮೂರು ಬೈಟ್‌ಗಳಿಂದ ಹ್ಯಾಶ್ ಎಂಬ ಸಂಖ್ಯೆಯನ್ನು ಲೆಕ್ಕಹಾಕಿ, ಒಂದೇ ಹ್ಯಾಶ್ ಇರುವ ಸ್ಥಾನಗಳನ್ನು ಒಂದು ಸರಪಳಿಯಲ್ಲಿ ಪೋಣಿಸುತ್ತೇನೆ. ಮೂರು ಸೊನ್ನೆಗಳ ಹ್ಯಾಶ್ ಎಲ್ಲೆಡೆಯೂ ಒಂದೇ ಆದ್ದರಿಂದ ಆ ಒಂದು ಸರಪಳಿಯೇ ಬೆಳೆದು, ಹುಡುಕಾಟದ ಬಹುಪಾಲು ಸಮಯವನ್ನು ನುಂಗುತ್ತಿತ್ತು. ಒಂದೇ ಬೈಟ್ ದೀರ್ಘವಾಗಿ ಮರುಕಳಿಸುವ ಕಡೆ ಅದರ ಎರಡು ತುದಿಗಳನ್ನು ಮಾತ್ರ ಸರಪಳಿಗೆ ಸೇರಿಸಿ, ನಡುವಿನ ಭಾಗವನ್ನು ಒಂದು ಬೈಟ್ ಹಿಂದಿನ ಹೋಲಿಕೆಯೆಂದೇ ಪರಿಗಣಿಸಿದಾಗ ಆ ಹೊರೆ ಇಳಿಯಿತು. ಅದರ ಜೊತೆಗೆ, ಹಳೆಯ ಹೋಲಿಕೆಯನ್ನು ಮೀರಿಸಲು ಅಗತ್ಯವಾದ ಕೊನೆಯ ಬೈಟನ್ನು ಮೊದಲು ನೋಡಿ, ಅದು ಹೊಂದದಿದ್ದರೆ ಕೂಡಲೇ ಮುಂದೆ ಹೋಗುತ್ತೇನೆ. ಹೊಂದಿದರೆ ಒಮ್ಮೆಗೆ ಎಂಟು ಬೈಟ್‌ಗಳನ್ನು ಹೋಲಿಸುತ್ತೇನೆ.

ಹೀಗೆ ಉಳಿದ ಸಮಯವನ್ನು ಆಪ್ಟಿಮಲ್ ಪಾರ್ಸಿಂಗ್‌ಗೆ ಖರ್ಚು ಮಾಡಿದೆ. ಸಿಕ್ಕ ಅತಿ ಉದ್ದದ ಹೋಲಿಕೆಯನ್ನೇ ತೆಗೆದುಕೊಳ್ಳುವ ಬದಲು, ಪ್ರತಿ ಸ್ಥಾನಕ್ಕೂ ಅತಿ ಕಡಿಮೆ ಬಿಟ್‌ಗಳಲ್ಲಿ ತಲುಪುವ ದಾರಿಯನ್ನು ಡೈನಾಮಿಕ್ ಪ್ರೋಗ್ರಾಮಿಂಗ್‌ನಿಂದ ಕಂಡುಕೊಳ್ಳುವ ಕ್ರಮವಿದು. ದೂರದ ಆರು ಬೈಟ್‌ಗಳಿಗಿಂತ, ಈಗಷ್ಟೇ ಬಳಸಿದ ದೂರದಲ್ಲೇ ಸಿಗುವ ನಾಲ್ಕು ಬೈಟ್‌ಗಳು ಅಗ್ಗವಾಗುವುದು ಪ್ರೋಗ್ರಾಂಗಳಲ್ಲಿ ಅಪರೂಪವಲ್ಲ.

ಸ್ಟಬ್‌ನ ಲೆಕ್ಕವೇ ಬೇರೆ. ಎಲ್‌ಝಡ್‌ಎಂಎಯ ಸಾಮಾನ್ಯ ಹೊಂದಿಕೆಯಲ್ಲಿ ಮುಂದಿನ ಬಿಟ್ ಏನಿರಬಹುದೆಂದು ಊಹಿಸುವ 7990 ಸಂಭವನೀಯತೆಗಳಿದ್ದು, ತಲಾ ಎರಡು ಬೈಟ್‌ನಂತೆ ಸುಮಾರು 16 ಕಿಲೋಬೈಟ್ ಮೆಮೊರಿ ಬೇಕು. ಹಿಂದಿನ ಬೈಟ್‌ನ ಬಿಟ್‌ಗಳನ್ನು ಸಂದರ್ಭವಾಗಿ ಬಳಸುವುದನ್ನು ಕಡಿಮೆ ಮಾಡಿದರೆ ಈ ಕೋಷ್ಟಕ ಚಿಕ್ಕದಾಗುತ್ತದೆ. ಮೇಲಾಗಿ ಚಿಕ್ಕ ಕಡತದಲ್ಲಿ ಅಷ್ಟೊಂದು ಸಂದರ್ಭಗಳು ಕಲಿಯುವಷ್ಟರಲ್ಲಿ ಕಡತವೇ ಮುಗಿದಿರುತ್ತದೆ. ಹಾಗಾಗಿ ಕೆಲವು ಹೊಂದಿಕೆಗಳಲ್ಲಿ ಕುಗ್ಗಿಸಿ ನೋಡಿ, ಸ್ಟಬ್‌ನ ಗಾತ್ರವನ್ನೂ ಕೂಡಿಸಿದ ಮೇಲೆ ಚಿಕ್ಕದಾದುದನ್ನೇ ಉಳಿಸಿಕೊಳ್ಳುತ್ತೇನೆ. ಹುಡುಕಾಟದ ಫಲಿತಾಂಶಗಳು ಎಲ್ಲಾ ಹೊಂದಿಕೆಗಳಿಗೂ ಒಂದೇ ಆಗಿರುವುದರಿಂದ ಹೋಲಿಕೆಗಳನ್ನು ಒಮ್ಮೆ ಹುಡುಕಿಟ್ಟುಕೊಂಡರೆ ಸಾಕು, ಪಾರ್ಸಿಂಗ್ ಮಾತ್ರ ಪುನಃ ನಡೆಯುತ್ತದೆ.